ಹೊಳಪೇ ಶುದ್ಧಿಯಲ್ಲ

ಮಹಾನವಮಿಯು ಸಮೀಪಿಸಿತೆಂದರೆ ಹಳೆಯ ಮನೆತನಗಳಲ್ಲಿ ಪೂರ್ವಿಕರ ಖಡ್ಗಗಳಿಗೆ ಕಂಟಕವು ಒದಗುವುದು. ಹುಣಿಸೆಹಣ್ಣು, ಇಟ್ಟಿಗೆಯ ಪುಡಿ. ಅವು ಸಾಲದೆಂದು ಸಾಣೆಯ ಚಕ್ರ! ಪೂಜೆಗಿಡುವ ಆಯುಧವು ಹೊಳೆಯಬೇಡವೇ ಎಂದು ಕೇಳುವವರುಂಟು. ಹಿತ್ತಾಳೆಯ ತಂಬಿಗೆಗೆ ಸಲ್ಲುವ ನ್ಯಾಯವು ಉಕ್ಕಿನ ಅಲಗಿಗೆ ಸಲ್ಲದು.

ಮೈಸೂರು ಸೀಮೆಯವರು ಮಣ್ಣಿನ ಮೂಸೆಗಳಲ್ಲಿ ಉಕ್ಕನ್ನು ಸಿದ್ಧಪಡಿಸುತ್ತಿದ್ದ ಬಗೆಯನ್ನು 1800-01ರಲ್ಲಿ ಇಲ್ಲಿ ಸಂಚರಿಸಿದ ಬುಕಾನನ್ನನು ಬರೆದಿಟ್ಟಿರುವನು. ಮೂಸೆಯುಕ್ಕಿನಲ್ಲಿ ಇಂಗಾಲವು ನೂರಕ್ಕೆ 1ರಿಂದ 2ರಷ್ಟಿರುವುದು. ಹದವರಿತು ಬಡಿದರೆ ಅಲಗಿನಲ್ಲಿ ನೀರಿನ ಅಲೆಗಳಂತಹ ರೇಖೆಗಳು ಮೂಡುವುವು. ಸಾಣೆಯು ಅವನ್ನು ಮರೆಮಾಡುವುದು. ಬಲ್ಲವನು ರೇಖೆಗಳನ್ನು ಮರಳಿ ತೋರಿಸಿಯಾನು. ತೇದುಹೋದ ಲೋಹವೂ ಕೆತ್ತಿದ ಅಕ್ಷರವೂ ಹೊನ್ನಿನ ಕುಸುರಿಯೂ ಮರಳಿ ಬಾರವು. ಕುಲುಮೆಗಿಟ್ಟು ಕೆಂಪಗೆ ಕಾಯಿಸಿದರಂತೂ ಹದವೇ ಕೆಡುವುದು.

ಹಾಗಾದರೆ ತುಕ್ಕನ್ನು ಬೆಳೆಯಗೊಡಬೇಕೆ? ಕೂಡದು. ಪುಡಿಯಾಗಿ ಉದುರುವ ಕೆಂಪು ತುಕ್ಕನ್ನು ಎಣ್ಣೆಯಲ್ಲಿ ನೆನೆದ ಮೆತ್ತನೆಯ ಬಟ್ಟೆಯಿಂದ ತಾಳ್ಮೆಯಾಗಿ ಒರಸಬೇಕು. ಗಟ್ಟಿಯಾಗಿ ಕುಳಿತ ಕಪ್ಪು ಛಾಯೆಯು ವಯಸ್ಸಿನ ಗುರುತು, ಅದನ್ನು ಕೆರೆಯಲಾಗದು. ಪೂಜೆ ಮುಗಿದೊಡನೆ ನೀರನ್ನೂ ಕುಂಕುಮವನ್ನೂ ಒರಸಿ, ಅಂಟುಗಟ್ಟದ ಖನಿಜತೈಲವನ್ನು ತೆಳುವಾಗಿ ಸವರಿ, ತೇವ ಹಿಡಿಯುವ ಚರ್ಮದ ಒರೆಯಿಂದ ದೂರವಿಡಬೇಕು.

ಮಲವನ್ನು ಕಳೆಯುವುದು ಶುದ್ಧಿ. ವಸ್ತುವನ್ನೇ ಕಳೆಯುವುದು ಕ್ಷಯ. ವರ್ಷಕ್ಕೊಮ್ಮೆ ಪೂಜೆಯ ಹೆಸರಿನಲ್ಲಿ ಪೂಜ್ಯವಸ್ತುವನ್ನೇ ಸವೆಯಿಸುವುದು ಯಾವ ಶಾಸ್ತ್ರ?