"ಮಕ್ಕಳ ಮಾರಿ ನೋಡಿ ತಡಕೋ" ಅನ್ನುವುದನ್ನು ನಿಲ್ಲಿಸೋಣ



ಮೈಂದರ್ಗಿಯಾಗಲಿ, ಅಕ್ಕಲಕೋಟೆಯಾಗಲಿ, ಸೊಲ್ಲಾಪುರದ ಯಾವುದೇ ಓಣಿಯಾಗಲಿ, ಗಂಡನ ಕೈಯಿಂದ ಪೆಟ್ಟು ತಿಂದ ಹೆಣ್ಣುಮಗಳಿಗೆ ನಮ್ಮ ಮಂದಿ ಹೇಳುವ ಮಾತು ಒಂದೇ: "ಮಕ್ಕಳ ಮಾರಿ ನೋಡಿ ತಡಕೋ ಅವ್ವಾ." ತವರಿನವರೂ ಹೇಳುತ್ತಾರೆ, ಓಣಿಯ ಹಿರಿಯರೂ ಹೇಳುತ್ತಾರೆ. ಚರ್ಚಿನವರಾದ ನಾವು ಅದಕ್ಕೆ ಇನ್ನೊಂದು ಮಾತು ಸೇರಿಸುತ್ತೇವೆ: "ಇದು ನಿನ್ನ ಶಿಲುಬೆ, ಹೊತ್ತುಕೊ."

ಈ ಸಲಹೆ ತಪ್ಪು. ಮಕ್ಕಳ ಹೆಸರು ಹೇಳಿ ಕೊಡುವ ಈ ಸಲಹೆಯಿಂದ ಕೆಡುವುದು ಮಕ್ಕಳೇ.

"ಅವು ಸಣ್ಣವು, ಅವಕ್ಕೇನು ತಿಳೀತದ?" ಎನ್ನುತ್ತಾರೆ. ಒಂದೇ ಕೋಣೆಯ ಮನೆಯಲ್ಲಿ ತಿಳಿಯದೆ ಇರುವುದು ಯಾವುದು? ಅಪ್ಪನ ಗಾಡಿಯ ಸದ್ದಿನಿಂದಲೇ ಇವತ್ತಿನ ರಾತ್ರಿ ಹೇಗಿರುತ್ತದೆ ಎಂದು ಮಗು ಲೆಕ್ಕ ಹಾಕುತ್ತದೆ. ಒಬ್ಬ ಹುಡುಗ ಕೌದಿ ಮುಸುಕು ಹಾಕಿ ನಿದ್ದೆಯ ಸೋಗು ಹಾಕುತ್ತಾನೆ. ಅಕ್ಕನಾದವಳು ತಮ್ಮ ತಂಗಿಯರನ್ನು ಎತ್ತಿಕೊಂಡು ಪಕ್ಕದ ಮನೆಗೆ ಓಡುತ್ತಾಳೆ. ಹತ್ತು ವರ್ಷಕ್ಕೇ ಅವಳು ಅವರಿಗೆ ತಾಯಿಯಾಗಿರುತ್ತಾಳೆ. ಇನ್ನೊಬ್ಬ ಅಪ್ಪ ಅವ್ವನ ನಡುವೆ ನಿಂತು ತಾನೂ ಪೆಟ್ಟು ತಿನ್ನುತ್ತಾನೆ. ಮತ್ತೊಬ್ಬ ಅಪ್ಪನ ಪಕ್ಷ ಹಿಡಿಯುತ್ತಾನೆ, ಯಾಕೆಂದರೆ ಗೆಲ್ಲುವವನ ಕಡೆ ಇದ್ದರೆ ಹೆದರಿಕೆ ಕಡಿಮೆ. ಎಷ್ಟೋ ಮಕ್ಕಳು "ನನ್ನಿಂದಲೇ ಜಗಳ ಆಯ್ತು" ಎಂದು ನಂಬಿಕೊಂಡಿರುತ್ತವೆ.

ಇವೆಲ್ಲ ಮಗು ಬದುಕಿ ಉಳಿಯಲು ಕಂಡುಕೊಂಡ ದಾರಿಗಳು. ನಾವು ಅವನ್ನು ಗುರುತಿಸುವುದೇ ಇಲ್ಲ. ಧರ್ಮೋಪದೇಶದ ತರಗತಿಯಲ್ಲಿ ತುಟಿ ಬಿಚ್ಚದ ಹುಡುಗಿಗೆ "ಭಾಳ ಶಾಣ್ಯಾ ಕೂಸು" ಎನ್ನುತ್ತೇವೆ. ಹೊಡೆದಾಡುವ ಹುಡುಗನನ್ನು "ಉಡಾಳ" ಎಂದು ಹೊರಗೆ ನಿಲ್ಲಿಸುತ್ತೇವೆ. ಇಬ್ಬರೂ ಒಂದೇ ಕಾಯಿಲೆಯ ಎರಡು ಲಕ್ಷಣ ಇರಬಹುದು ಎಂದು ಯಾರಿಗೂ ಹೊಳೆಯುವುದಿಲ್ಲ. ಹಾಸಿಗೆಯಲ್ಲಿ ಉಚ್ಚೆ ಹೋಗುವುದು, ಕಾರಣವಿಲ್ಲದ ಹೊಟ್ಟೆನೋವು, ಸಾಲೆಗೆ ಹೋಗಲು ಹಟ, ಓದಿದ್ದು ತಲೆಯಲ್ಲಿ ನಿಲ್ಲದಿರುವುದು ಇವೂ ಅದರದೇ ಗುರುತು ಆಗಿರಬಹುದು.

ನಾನು ವಿಜ್ಞಾನ ಓದಿದವನು, ಆದ್ದರಿಂದ ಒಂದು ಮಾತು. ಅಪಾಯ ಬಂದಾಗ ದೇಹ ಅಡ್ರಿನಾಲಿನ್, ಕಾರ್ಟಿಸಾಲ್ ಬಿಡುಗಡೆ ಮಾಡುತ್ತದೆ. ಅಪಾಯ ಕಳೆದ ಮೇಲೆ ಅದು ಇಳಿಯಬೇಕು. ರಾತ್ರಿ ರಾತ್ರಿ ಅಪಾಯವೇ ಇದ್ದರೆ ಮಗುವಿನ ದೇಹ ಸದಾ ಎಚ್ಚರದಲ್ಲೇ ಉಳಿಯುತ್ತದೆ. ಅಮೆರಿಕದಲ್ಲಿ 9,500ಕ್ಕೂ ಹೆಚ್ಚು ವಯಸ್ಕರ ಬಾಲ್ಯವನ್ನು ವಿಚಾರಿಸಿ 1998ರಲ್ಲಿ ಪ್ರಕಟಿಸಿದ ಅಧ್ಯಯನ ಒಂದಿದೆ. ಅದು ಕೇಳಿದ 7 ಬಗೆಯ ಕಹಿ ಅನುಭವಗಳಲ್ಲಿ ತಾಯಿಯ ಮೇಲಿನ ಹಿಂಸೆಯೂ ಒಂದು. ಇಂಥ 4 ಅಥವಾ ಹೆಚ್ಚು ಅನುಭವ ಇದ್ದವರಲ್ಲಿ ಕುಡಿತದ ಚಟ, ಖಿನ್ನತೆ, ಆತ್ಮಹತ್ಯೆಯ ಪ್ರಯತ್ನ ಮುಂತಾದವುಗಳ ಅಪಾಯ, ಒಂದೂ ಇಲ್ಲದವರಿಗಿಂತ 4ರಿಂದ 12 ಪಟ್ಟು ಹೆಚ್ಚಿತ್ತು.

ದೂರದ ಮಾತು ಅನ್ನಬೇಡಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಗಂಡನ ಹಿಂಸೆ ಕಂಡ ವಿವಾಹಿತ ಹೆಣ್ಣುಮಕ್ಕಳು ನಮ್ಮ ಮಹಾರಾಷ್ಟ್ರದಲ್ಲಿ 100ಕ್ಕೆ ಸುಮಾರು 25, ಗಡಿಯಾಚೆ ಕರ್ನಾಟಕದಲ್ಲಿ 44. ಅವ್ವ ಹೊಡೆತ ತಿನ್ನುವುದನ್ನು ನೋಡುತ್ತ ಬೆಳೆದ ಹೆಣ್ಣುಮಕ್ಕಳು ಮುಂದೆ ತಾವೂ ಅದೇ ಪಾಡು ಪಡುವುದು ಹೆಚ್ಚು ಎಂಬುದನ್ನೂ ಈ ಸಮೀಕ್ಷೆಗಳು ತೋರಿಸಿವೆ. ಅಂದರೆ "ತಡಕೋ" ಎಂದು ಅವ್ವನಿಗೆ ಹೇಳಿದ ಪಾಠವನ್ನು ಮಗಳು ಬಾಯಿಪಾಠ ಮಾಡಿಕೊಳ್ಳುತ್ತಾಳೆ.

ಇನ್ನು ಧರ್ಮದ ಮಾತು. "ಮನೆ ಒಡೆಯುವುದು ಪಾಪ" ಎನ್ನುವವರು ಧರ್ಮಸಭೆಯ ಕಾನೂನನ್ನೇ ಓದಿಲ್ಲ. 1983ರ ಕ್ಯಾನನ್ ಕಾನೂನು ಸಂಹಿತೆಯ 1153ನೇ ವಿಧಿ ಸ್ಪಷ್ಟವಾಗಿದೆ: ಗಂಡ ಅಥವಾ ಹೆಂಡತಿ ತನ್ನ ಸಂಗಾತಿಯ ಇಲ್ಲವೇ ಮಕ್ಕಳ ದೇಹಕ್ಕೆ, ಮನಸ್ಸಿಗೆ ಗಂಭೀರ ಅಪಾಯ ತಂದರೆ ಬೇರೆ ಇರಲು ಅದು ನ್ಯಾಯವಾದ ಕಾರಣ. ತಡಮಾಡಿದರೆ ಅಪಾಯ ಎನ್ನುವಾಗ ಯಾರ ಅಪ್ಪಣೆಗೂ ಕಾಯಬೇಕಿಲ್ಲ. ಇದು ವಿವಾಹ ಸಂಸ್ಕಾರವನ್ನು ಅಳಿಸುವುದಿಲ್ಲ, ಜೀವ ಉಳಿಸುತ್ತದೆ. 2016ರಲ್ಲಿ ಪೋಪ್ ಫ್ರಾನ್ಸಿಸ್ ಕುಟುಂಬದ ಕುರಿತು ಬರೆದ ಪತ್ರವೂ ಮಕ್ಕಳ ರಕ್ಷಣೆಗಾಗಿ ಬೇರೆಯಾಗುವುದು ಕೆಲವೊಮ್ಮೆ ನೈತಿಕವಾಗಿ ಅಗತ್ಯ ಎಂದೇ ಹೇಳುತ್ತದೆ. ಎಫೆಸದವರಿಗೆ ಬರೆದ ಪತ್ರದ 5ನೇ ಅಧ್ಯಾಯದಲ್ಲಿ ಹೆಂಡತಿಯ ವಿಧೇಯತೆ ಮಾತ್ರ ಕಾಣುವವರು, ಕ್ರಿಸ್ತನ ಹಾಗೆ ಪ್ರಾಣ ಕೊಟ್ಟು ಪ್ರೀತಿಸಬೇಕೆಂದು ಗಂಡನಿಗೆ ಹೇಳಿದ್ದನ್ನು ಯಾಕೆ ಹಾರಿಸಿ ಓದುತ್ತಾರೆ? ಕ್ರಿಸ್ತನು ಶಿಲುಬೆಯನ್ನು ತಾನಾಗಿ ಹೊತ್ತನು. ಇನ್ನೊಬ್ಬರ ಬೆನ್ನ ಮೇಲೆ ಹೇರಲಿಲ್ಲ.

"ಇದು ಅವರ ಮನೆ ಮಾತು, ನಮಗ್ಯಾಕ?" ಎನ್ನುವವರಿಗೆ ದೇಶದ ಕಾನೂನಿನ ಉತ್ತರವೂ ಇದೆ. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯ 4ನೇ ಕಲಂ ಪ್ರಕಾರ ಹಿಂಸೆ ನಡೆಯುತ್ತಿದೆ ಎಂದು ನಂಬಲು ಕಾರಣ ಇರುವ ಯಾರೇ ಆಗಲಿ ಸಂರಕ್ಷಣಾ ಅಧಿಕಾರಿಗೆ ತಿಳಿಸಬಹುದು. ಒಳ್ಳೆಯ ಮನಸ್ಸಿನಿಂದ ತಿಳಿಸಿದವರ ಮೇಲೆ ಕೇಸು ಬೀಳುವುದಿಲ್ಲ. ಹೊಡೆಯುವವನನ್ನೇ ಮನೆಯಿಂದ ಹೊರಗೆ ಇರಿಸಲು, ಮಕ್ಕಳನ್ನು ತಾತ್ಕಾಲಿಕವಾಗಿ ತಾಯಿಯ ವಶಕ್ಕೆ ಕೊಡಲು ಮ್ಯಾಜಿಸ್ಟ್ರೇಟರಿಗೆ ಅಧಿಕಾರ ಇದೆ. ಹೆಣ್ಣುಮಕ್ಕಳಿಗೆ ಆದಾಯ ನೋಡದೆ ಉಚಿತ ವಕೀಲರು ಸಿಗುತ್ತಾರೆ.

ಇಲ್ಲಿ ನಮ್ಮ ಗಡಿಯ ತೊಂದರೆ ಒಂದಿದೆ. ಅವ್ವ ಅಳುವುದು ಕನ್ನಡದಲ್ಲಿ, ಠಾಣೆ ಕೋರ್ಟಿನ ಕಾಗದ ಮರಾಠಿಯಲ್ಲಿ. ಎರಡೂ ಬಲ್ಲ ಯುವಕ ಯುವತಿಯರು ನಾವೇ ಅಲ್ಲವೇ? ಅರ್ಜಿ ಬರೆದುಕೊಡುವುದು, ಜೊತೆಗೆ ಹೋಗುವುದು ನಮ್ಮ ಯುವ ಸಂಘದ ಕೆಲಸ ಆಗಬೇಕು. ಕ್ರಿಸ್ಮಸ್ ಗೋದಲಿ ಕಟ್ಟುವಷ್ಟೇ ಹುರುಪಿನಿಂದ.

ಮಕ್ಕಳ ಜೊತೆ ಮಾತ್ರ ಜೋಪಾನ. "ಏನಾಯ್ತು ಹೇಳು" ಎಂದು ಕೆದಕಬೇಡಿ. "ಅಪ್ಪ ಬೇಕೋ ಅವ್ವ ಬೇಕೋ" ಎಂದು ಕೇಳಬೇಡಿ. "ಅಪ್ಪನನ್ನು ಕ್ಷಮಿಸಿಬಿಡು" ಎಂದು ಒತ್ತಾಯ ಮಾಡಬೇಡಿ. ತಾನಾಗಿ ಹೇಳಿದರೆ ಪೂರ್ತಿ ಕೇಳಿ, ನಂಬಿ, "ಇದರಾಗ ನಿಂದೇನೂ ತಪ್ಪಿಲ್ಲ" ಎಂದು ಹೇಳಿ. ಅದನ್ನು ಊರಿಗೆಲ್ಲ ಸಾರಬೇಡಿ. ನಂಬಿಕೆಯ ಹಿರಿಯರೊಬ್ಬರು ಬೆನ್ನಿಗೆ ಇದ್ದರೆ ಇಂಥ ಮಕ್ಕಳು ಚೇತರಿಸಿಕೊಳ್ಳುತ್ತಾರೆ. ಆ ಒಬ್ಬರು ಉಪದೇಶಿ ಆಗಬಹುದು, ಸಿಸ್ಟರ್ ಆಗಬಹುದು, ಅತ್ತೆ, ಮಾವ, ನೀವೇ ಆಗಬಹುದು. ಹೊಡೆತ ನಡೆಯುತ್ತಿರುವಾಗ ಒಬ್ಬರೇ ನಡುವೆ ಹೋಗದೆ 112ಕ್ಕೆ ಫೋನ್ ಮಾಡಿ. ಮಕ್ಕಳ ಸಹಾಯವಾಣಿ 1098, ಮಹಿಳೆಯರದು 181.

ಹಿರಿಯರೇ, ಮುಂದಿನ ಸಲ ಒಬ್ಬ ತಾಯಿ ಬಾತುಕೊಂಡ ಮಾರಿಯಿಂದ ಚರ್ಚಿನ ಬಾಗಿಲಿಗೆ ಬಂದಾಗ "ಮಕ್ಕಳ ಮಾರಿ ನೋಡಿ ತಡಕೋ" ಎನ್ನುವ ಮೊದಲು ಅವಳ ಸೆರಗು ಹಿಡಿದು ನಿಂತ ಮಗುವಿನ ಮಾರಿಯನ್ನು ನೀವು ನೋಡಿ. ಆಮೇಲೆ "ಎಲ್ಲಿ ಮಲಗ್ತೀರಿ ಇವತ್ತು?" ಎಂದು ಕೇಳಿ.

ದೇವರು ನಮ್ಮ ಮನೆಗಳನ್ನು ಕಾಯಲಿ. ಕಾಯುವ ಕೈಗಳು ನಮ್ಮವಾಗಲಿ.