ಸಾವಿನ ಪತ್ರದಲ್ಲಿ ಕಾಣದ ಕಾರಣ



ಬೆಳ್ಳಾರೆ ಕಡೆಯ ನಾವು ಪತ್ರಿಕೆ ಬಿಡಿಸಿದರೆ ನಿಧನದ ಅಂಕಣ ನೋಡದೆ ಮಡಚುವವರಲ್ಲ. ಎಳೆಯ ಸೊಸೆಯ ಚಿತ್ರದ ಕೆಳಗೆ 'ಅಲ್ಪಕಾಲದ ಅಸೌಖ್ಯ' ಎಂದಿದ್ದರೆ ನನಗೆ ಪುಟ ತಿರುಗಿಸಲಾಗುವುದಿಲ್ಲ. ಅದು ಹೆಚ್ಚಾಗಿ ಗಂಡನ ಮನೆಯವರು ಬರೆದುಕೊಟ್ಟ ಮಾತು, ದಾಖಲೆಯಲ್ಲ.

1969ರ ಜನನ ಮರಣ ನೋಂದಣಿ ಕಾಯ್ದೆಯಡಿ ಸಾವನ್ನು 21 ದಿನಗಳೊಳಗೆ ತಿಳಿಸಬೇಕು. ಆ ದಾಖಲೆಯನ್ನು ಹುಡುಕಿಸಿ ಪ್ರಮಾಣಪತ್ರ ಕೇಳುವ ಹಕ್ಕು ಯಾರಿಗಾದರೂ ಇದೆ. ಆದರೆ ಅದರಲ್ಲಿ ಸಾವಿನ ಕಾರಣ ತೋರಿಸಬಾರದೆಂದು ಅದೇ ಕಾಯ್ದೆ ಹೇಳುತ್ತದೆ! ಕಾರಣ ಇರುವುದು ಶವಪರೀಕ್ಷೆಯ ವರದಿಯಲ್ಲಿ.

ಮದುವೆಯಾಗಿ 7 ವರ್ಷದೊಳಗೆ ಹೆಣ್ಣು ಸಂಶಯಾಸ್ಪದವಾಗಿ ತೀರಿಕೊಂಡರೆ ಪೊಲೀಸರು ಶವಪರೀಕ್ಷೆ ಮಾಡಿಸಬೇಕು. ಚಿತೆ ಹೊತ್ತಿದ ಮೇಲೆ ಅದೆಲ್ಲಿಂದ? ತವರಿನವರ ದೂರು ಅದಕ್ಕೂ ಮೊದಲೇ ಠಾಣೆಗೆ ಹೋಗಲಿ. ಮಗಳ ಮದುವೆಯ ಕಾಗದವನ್ನೂ ಜೋಪಾನವಾಗಿಡಿ; ಏಳು ವರ್ಷದ ಲೆಕ್ಕಕ್ಕೆ ಅದು ಬೇಕಾಗುತ್ತದೆ.