ಮದುವೆ ಕೆಲಸಕ್ಕೆ ಕೈಜೋಡಿಸದ ಗೆಳತಿ: ಅದು ಅಸಡ್ಡೆಯೇ, ಬೇರೇನಾದರೂ ಕಾರಣವಿದೆಯೇ?

ಅಮೆರಿಕದಲ್ಲಿ ಒಂದು ಮದುವೆ ನಿಶ್ಚಯವಾಗಿದೆ ಎಂದುಕೊಳ್ಳಿ. ಮದುಮಗಳು ತನ್ನ ಜೀವದ ಗೆಳತಿಯನ್ನು ಕರೆದು, ‘ನೀನೇ ನನ್ನ ಮೇಡ್ ಆಫ್ ಆನರ್ ಆಗಬೇಕು’ ಎನ್ನುತ್ತಾಳೆ. ಗೆಳತಿ ಖುಷಿಯಿಂದ ಒಪ್ಪುತ್ತಾಳೆ. ತಿಂಗಳುಗಳು ಉರುಳುತ್ತವೆ. ಉಡುಪು ಆರಿಸಲು ಕರೆದರೆ ಅವಳು ಬರುವುದಿಲ್ಲ. ಗುಂಪಿನಲ್ಲಿ ಹಾಕಿದ ಸಂದೇಶವನ್ನು ಓದುತ್ತಾಳೆ, ಉತ್ತರ ಕೊಡುವುದಿಲ್ಲ. ಮದುವೆಗೆ ಎರಡು ತಿಂಗಳಿರುವಾಗ ಮದುಮಗಳಿಗೆ ಒಂದೇ ಪ್ರಶ್ನೆ ಕಾಡತೊಡಗುತ್ತದೆ: ‘ಇವಳಿಗೆ ನಾನು ಮುಖ್ಯವೇ ಅಲ್ಲವೇ?’

ಅಮೆರಿಕ, ಬ್ರಿಟನ್‌ಗಳಲ್ಲಿ ಮದುವೆಯ ಹೊತ್ತಿಗೆ ಸ್ನೇಹ ಹಳಸಲು ಇದು ಒಂದು ಸಾಮಾನ್ಯ ಕಾರಣ. ಅಲ್ಲಿ ನೆಲೆಸಿರುವ ಕನ್ನಡಿಗರ ಮನೆಗಳಿಗೂ ಈ ಪದ್ಧತಿ ಬಂದಿರುವುದರಿಂದ ನಮಗೂ ಇದು ತೀರಾ ದೂರದ ಮಾತಲ್ಲ. ಈ ಮೌನದ ಹಿಂದೆ ಏನಿರಬಹುದು, ಸ್ನೇಹ ಕೆಡದಂತೆ ಅದನ್ನು ಹೇಗೆ ನಿಭಾಯಿಸಬಹುದು ಎಂಬ ಬಗ್ಗೆ ಮನಶ್ಶಾಸ್ತ್ರ ಮತ್ತು ಸಂವಹನ ಅಧ್ಯಯನಗಳು ಸಾಕಷ್ಟು ಹೇಳುತ್ತವೆ. ಬನ್ನಿ, ಒಂದೊಂದಾಗಿ ನೋಡೋಣ.

ಮೇಡ್ ಆಫ್ ಆನರ್ ಎಂದರೆ ಯಾರು?

ಮದುಮಗಳ ಜೊತೆ ನಿಲ್ಲುವ ಗೆಳತಿಯರು ಬ್ರೈಡ್ಸ್‌ಮೇಡ್‌ಗಳು. ಅವರಲ್ಲಿ ಮುಖ್ಯಳಾದವಳು ಮೇಡ್ ಆಫ್ ಆನರ್. ಆಕೆ ವಿವಾಹಿತೆಯಾಗಿದ್ದರೆ ಮೇಟ್ರನ್ ಆಫ್ ಆನರ್ ಎನ್ನುವುದುಂಟು. ಈ ಹೆಸರು ಇಂಗ್ಲೆಂಡಿನ ಅರಮನೆಯಲ್ಲಿಯೂ ಇತ್ತು. ರಾಣಿಯ ಸೇವೆಯಲ್ಲಿರುತ್ತಿದ್ದ ಅವಿವಾಹಿತ ಯುವತಿಯರನ್ನು ಹಾಗೆ ಕರೆಯುತ್ತಿದ್ದರು. 1840ರಲ್ಲಿ ವಿಕ್ಟೋರಿಯಾ ರಾಣಿಯ ಮದುವೆಯಲ್ಲಿ 12 ಯುವತಿಯರು ಆಕೆಯ ಉಡುಪಿನ ಸೆರಗು ಹಿಡಿದು ನಡೆದಿದ್ದರು. 2011ರಲ್ಲಿ ಕೇಟ್ ಮಿಡಲ್ಟನ್ ಮದುವೆಯಲ್ಲಿ ಈ ಸ್ಥಾನ ಅವರ ತಂಗಿ ಪಿಪ್ಪಾ ಅವರದ್ದಾಗಿತ್ತು.

ಬ್ರೈಡ್ಸ್‌ಮೇಡ್‌ಗಳ ಬಗ್ಗೆ ಒಂದು ಕತೆ ಎಲ್ಲೆಡೆ ಓಡಾಡುತ್ತದೆ. ರೋಮನ್ ಕಾನೂನಿನ ಪ್ರಕಾರ ಮದುವೆಗೆ 10 ಸಾಕ್ಷಿಗಳು ಬೇಕಿತ್ತು, ದುಷ್ಟಶಕ್ತಿಗಳಿಗೆ ವಧು ಯಾರೆಂದು ತಿಳಿಯಬಾರದೆಂದು ಅವರೆಲ್ಲ ಅವಳಂತೆಯೇ ಉಡುತ್ತಿದ್ದರು ಎಂಬುದು ಆ ಕತೆ. ಇದರಲ್ಲಿ ಅರ್ಧ ಮಾತ್ರ ನಿಜ. ಎರಡನೇ ಶತಮಾನದ ರೋಮನ್ ನ್ಯಾಯಶಾಸ್ತ್ರಜ್ಞ ಗಾಯಸ್, ‘ಕಾನ್‌ಫಾರಿಯೇಷಿಯೊ’ ಎಂಬ ಒಂದು ಬಗೆಯ ಮದುವೆಗೆ 10 ಸಾಕ್ಷಿಗಳು ಬೇಕೆಂದು ಬರೆದಿದ್ದಾನೆ. ಆದರೆ ಆ ಸಾಕ್ಷಿಗಳು ವಧುವಿನಂತೆ ಉಟ್ಟ ಗೆಳತಿಯರು ಎಂಬ ಮಾತು ಅಲ್ಲಿಲ್ಲ.

ನಮ್ಮಲ್ಲೂ ಇಂಥ ಸ್ಥಾನಗಳಿವೆ. ಮಂಗಳೂರಿನ ಕ್ಯಾಥೊಲಿಕ್ ಮದುವೆಗಳಲ್ಲಿ ವಧುವಿನ ಪಕ್ಕ ‘ಧೆಡಿ’ ಇರುತ್ತಾಳೆ. ಹಳೆ ಮೈಸೂರಿನ ಕಡೆ ಮಂಟಪದಲ್ಲಿ ಕಳಸ ಹಿಡಿದು ನಿಲ್ಲುವ ಕಳಸಗಿತ್ತಿ ಇದ್ದಾಳೆ. ಆದರೆ ನಮ್ಮ ಮದುವೆಗಳಲ್ಲಿ ಓಡಾಟದ ಕೆಲಸವನ್ನು ಸೋದರಮಾವ, ಚಿಕ್ಕಪ್ಪ, ಅತ್ತೆ, ಪಕ್ಕದ ಮನೆಯವರು ಹಂಚಿಕೊಂಡುಬಿಡುತ್ತಾರೆ. ಕಳಸಗಿತ್ತಿ ಛತ್ರದ ಮುಂಗಡ ಕಟ್ಟಬೇಕಿಲ್ಲ. ಅಮೆರಿಕದ ಮೇಡ್ ಆಫ್ ಆನರ್ ಮೇಲಾದರೋ ಬ್ರೈಡಲ್ ಶವರ್, ಬ್ಯಾಚಲರೆಟ್ ಪಾರ್ಟಿ, ಉಳಿದ ಗೆಳತಿಯರ ಉಡುಪು, ಮದುವೆ ದಿನದ ಭಾಷಣ ಎಲ್ಲವೂ ಬೀಳಬಹುದು. ಖರ್ಚು ಸಹ ಬಹುಪಾಲು ಅವಳದ್ದೇ.

ಗಮನಿಸಿ, ‘ಬೀಳಬಹುದು’ ಎಂದೆ. ಇದಕ್ಕೆ ಬರೆದಿಟ್ಟ ನಿಯಮ ಇಲ್ಲ. ಇಂಗ್ಲೆಂಡಿನ ಕಾನೂನು ಕೇಳುವುದು ಇಬ್ಬರು ಸಾಕ್ಷಿಗಳನ್ನು, ನ್ಯೂಯಾರ್ಕ್ ರಾಜ್ಯದ್ದು ಕನಿಷ್ಠ ಒಬ್ಬರನ್ನು. ಉಳಿದದ್ದೆಲ್ಲ ರೂಢಿ. ಆ ರೂಢಿ ಮದುಮಗಳ ತಲೆಯಲ್ಲಿ ಒಂದು ಥರ, ಗೆಳತಿಯ ತಲೆಯಲ್ಲಿ ಇನ್ನೊಂದು ಥರ ಇರಬಹುದು. ಜಗಳದ ಬೀಜ ಇರುವುದು ಇಲ್ಲೇ.

ಆಗುವುದಿಲ್ಲ ಎಂದಾದರೆ ಒಪ್ಪಿದ್ದೇಕೆ?

ಮದುಮಗಳ ಮೊದಲ ದೂರು ಇದೇ. ಇದಕ್ಕೆ ಎರಡು ಉತ್ತರಗಳಿವೆ.

ಮೊದಲನೆಯದು, ಎದುರಿಗೆ ನಿಂತು ಕೇಳಿದವರಿಗೆ ಇಲ್ಲ ಎನ್ನುವುದು ಕಷ್ಟ. 2008ರಲ್ಲಿ ಫ್ರಾನ್ಸಿಸ್ ಫ್ಲಿನ್ ಮತ್ತು ವನೆಸ್ಸಾ ಲೇಕ್ ಪ್ರಕಟಿಸಿದ ಅಧ್ಯಯನದಲ್ಲಿ, ಅಪರಿಚಿತರಿಂದ ಪ್ರಶ್ನಾವಳಿ ತುಂಬಿಸುವ ಕೆಲಸವನ್ನು ಕೆಲವರಿಗೆ ಕೊಡಲಾಯಿತು. ಐದು ಜನರಿಂದ ತುಂಬಿಸಲು ಸುಮಾರು 20 ಜನರನ್ನು ಕೇಳಬೇಕಾದೀತು ಎಂದು ಅವರು ಅಂದಾಜು ಮಾಡಿದ್ದರು. ನಿಜವಾಗಿ ಸುಮಾರು 10 ಜನರನ್ನು ಕೇಳಿದ್ದೇ ಸಾಕಾಯಿತು. ಇಲ್ಲ ಎನ್ನುವಾಗ ಎದುರಿನವರಿಗಾಗುವ ಮುಜುಗರ ಕೇಳುವವರ ಲೆಕ್ಕಕ್ಕೆ ಬರುವುದಿಲ್ಲ. ಅಪರಿಚಿತರಿಗೇ ಹೀಗಾದರೆ ಜೀವದ ಗೆಳತಿಯ ಪಾಡೇನು?

ಎರಡನೆಯದು, ಮುಂದೆ ಬಿಡುವಿರುತ್ತದೆ ಎಂಬ ನಂಬಿಕೆ. ಡೇನಿಯಲ್ ಕಾನಮನ್ ಮತ್ತು ಏಮಸ್ ಟ್ವರ್ಸ್ಕಿ 1979ರಲ್ಲಿ ಇದಕ್ಕೆ ಯೋಜನಾ ಭ್ರಮೆ ಎಂಬ ಅರ್ಥದ ಹೆಸರು ಕೊಟ್ಟರು. 1994ರಲ್ಲಿ ರೋಜರ್ ಬ್ಯೂಲರ್ ಮತ್ತು ಸಂಗಡಿಗರು ಪ್ರಬಂಧ ಬರೆಯುತ್ತಿದ್ದ ವಿದ್ಯಾರ್ಥಿಗಳನ್ನು, ಎಷ್ಟು ದಿನದಲ್ಲಿ ಮುಗಿಸುವಿರಿ ಎಂದು ಕೇಳಿದರು. ಸರಾಸರಿ ಅಂದಾಜು ಸುಮಾರು 34 ದಿನ. ಹಿಡಿದದ್ದು ಸುಮಾರು 55 ದಿನ. ಒಂದು ವರ್ಷ ಮೊದಲೇ ಹೂಂ ಎಂದ ಗೆಳತಿ ಸುಳ್ಳು ಹೇಳಿರಲಿಲ್ಲ. ಅವಳ ಲೆಕ್ಕ ತಪ್ಪಿತ್ತು ಅಷ್ಟೆ.

ಮೂರು ತಪ್ಪು ನಂಬಿಕೆಗಳು

‘ಕೆಲಸ ಮಾಡುತ್ತಿಲ್ಲ ಎಂದರೆ ಪ್ರೀತಿ ಇಲ್ಲ.’ ಇನ್ನೊಬ್ಬರ ನಡವಳಿಕೆ ಕಂಡಾಗ ನಾವು ಅವರ ಸ್ವಭಾವವನ್ನು ದೂರುತ್ತೇವೆ, ಪರಿಸ್ಥಿತಿಯನ್ನು ನೋಡುವುದಿಲ್ಲ. 1967ರಲ್ಲಿ ಎಡ್ವರ್ಡ್ ಜೋನ್ಸ್ ಮತ್ತು ವಿಕ್ಟರ್ ಹ್ಯಾರಿಸ್ ಫಿಡೆಲ್ ಕ್ಯಾಸ್ಟ್ರೊ ಪರವಾದ ಬರಹಗಳನ್ನು ಜನರಿಗೆ ಓದಲು ಕೊಟ್ಟರು. ‘ಹೀಗೇ ಬರೆಯಬೇಕು ಎಂದು ಬರೆದವರಿಗೆ ಹೇಳಲಾಗಿತ್ತು’ ಎಂದು ತಿಳಿಸಿದ ಮೇಲೂ, ಬರೆದವರು ಮನಸ್ಸಿನಲ್ಲೂ ಕ್ಯಾಸ್ಟ್ರೊ ಕಡೆಯವರೇ ಇರಬೇಕು ಎಂದು ಓದುಗರು ವಾಲಿದರು. ಗೆಳತಿಯ ಮೌನದ ಹಿಂದೆ ಕೆಲಸ ಕಳೆದುಕೊಂಡ ಚಿಂತೆಯೋ, ಮನೆಯವರ ಕಾಯಿಲೆಯೋ, ಮುರಿದ ಸಂಬಂಧವೋ ಇರಬಹುದು. 2011ರ ‘ಬ್ರೈಡ್ಸ್‌ಮೇಡ್ಸ್’ ಸಿನಿಮಾ ನೋಡಿದವರಿಗೆ ಇದು ನೆನಪಿರುತ್ತದೆ. ಅದರಲ್ಲಿ ಮೇಡ್ ಆಫ್ ಆನರ್ ಆಗುವ ಆನಿಯ ಬೇಕರಿ ಮುಳುಗಿಹೋಗಿದೆ, ಕೈಯಲ್ಲಿ ಕಾಸಿಲ್ಲ. ಗೆಳತಿಯ ಮೇಲೆ ಅವಳಿಗಿರುವ ಪ್ರೀತಿಗೆ ಮಾತ್ರ ಕೊರತೆಯಿಲ್ಲ.

‘ನಿಜವಾದ ಗೆಳತಿಗೆ ಹೇಳದೆಯೇ ಗೊತ್ತಾಗುತ್ತದೆ.’ ಗೊತ್ತಾಗುವುದಿಲ್ಲ. 1998ರಲ್ಲಿ ಥಾಮಸ್ ಗಿಲೊವಿಚ್ ಮತ್ತು ಸಂಗಡಿಗರು ಜನರಿಗೆ ಪಾನೀಯಗಳನ್ನು ಕುಡಿಸಿ, ಕೆಟ್ಟ ರುಚಿಯದ್ದು ಸಿಕ್ಕಾಗ ಮುಖದಲ್ಲಿ ತೋರಿಸದಿರಲು ಹೇಳಿದರು. ನೋಡುವವರಿಗೆ ತಿಳಿದೇಹೋಯಿತು ಎಂದು ಕುಡಿದವರು ಅಂದುಕೊಂಡಷ್ಟು ನೋಡುಗರಿಗೆ ತಿಳಿದಿರಲಿಲ್ಲ. ನಮ್ಮ ಮನಸ್ಸು ಹೊರಗೆ ಕಾಣುತ್ತದೆ ಎಂಬ ಭ್ರಮೆ ಇದು. ‘ಪರವಾಗಿಲ್ಲ ಬಿಡು’ ಎಂದು ಸಂದೇಶ ಕಳಿಸಿದ ಮದುಮಗಳಿಗೆ ತನ್ನ ನೋವು ಅದರಲ್ಲಿ ಎದ್ದು ಕಾಣುತ್ತಿದೆ ಅನ್ನಿಸುತ್ತದೆ. ಓದಿದವಳು ಪರವಾಗಿಲ್ಲ ಎಂದೇ ತಿಳಿಯುತ್ತಾಳೆ.

‘ಎಲ್ಲ ನಾನೇ ಮಾಡುತ್ತಿದ್ದೇನೆ.’ 1979ರಲ್ಲಿ ಮೈಕಲ್ ರಾಸ್ ಮತ್ತು ಫಿಯೊರೆ ಸಿಕೊಲಿ ಗಂಡ ಹೆಂಡತಿಯರನ್ನು ಬೇರೆ ಬೇರೆಯಾಗಿ, ಮನೆಯ ಕೆಲಸಗಳಲ್ಲಿ ನಿಮ್ಮ ಪಾಲೆಷ್ಟು ಎಂದು ಕೇಳಿದರು. ಹೆಚ್ಚಿನ ಜೋಡಿಗಳಲ್ಲಿ ಇಬ್ಬರ ಉತ್ತರ ಕೂಡಿಸಿದರೆ 100ಕ್ಕಿಂತ ಹೆಚ್ಚಾಗುತ್ತಿತ್ತು. ನಾವು ಮಾಡಿದ್ದು ನಮಗೆ ಚೆನ್ನಾಗಿ ನೆನಪಿರುತ್ತದೆ; ಇನ್ನೊಬ್ಬರು ಮಾಡಿದ್ದನ್ನು ನಾವು ನೋಡಿಯೇ ಇರುವುದಿಲ್ಲ.

ಆಚೆ ಬದಿಯಿಂದ ಕಂಡದ್ದು

ಇದನ್ನು ಓದಿನಿಂದ ಮಾತ್ರ ಹೇಳುತ್ತಿಲ್ಲ. ಕೆಲವು ವರ್ಷಗಳ ಹಿಂದೆ ಆ ಸುಮ್ಮನಾದ ಗೆಳತಿ ನಾನೇ ಆಗಿದ್ದೆ. ಪಿಯುಸಿಯಲ್ಲಿ ಜೊತೆಗೆ ಓದಿದವಳು ನ್ಯೂಜೆರ್ಸಿಗೆ ಹೋಗಿ, ಅಲ್ಲಿಯವನನ್ನೇ ಮೆಚ್ಚಿದಳು. ಮೊದಲು ಅಲ್ಲಿನ ಪದ್ಧತಿಯ ಮದುವೆ, ಆಮೇಲೆ ಮೈಸೂರಿನಲ್ಲಿ ಧಾರೆ. ನನ್ನನ್ನು ಮೇಡ್ ಆಫ್ ಆನರ್ ಆಗು ಎಂದಳು. ಪಕ್ಕದಲ್ಲಿ ಹೂಗುಚ್ಛ ಹಿಡಿದು ನಿಲ್ಲುವುದು ಎಂದುಕೊಂಡು ಒಪ್ಪಿದೆ. ಮರುದಿನ 40 ಸಾಲುಗಳ ಎಕ್ಸೆಲ್ ಹಾಳೆ ಬಂತು.

ಆಗ ನಾನು ಎಂ.ಎ. ಪ್ರಬಂಧ ಬರೆಯುತ್ತಿದ್ದೆ. ವಿಮಾನದ ಟಿಕೆಟ್ಟಿಗೆ ದುಡ್ಡಿರಲಿಲ್ಲ. ಹಾಗೆಂದು ಹೇಳಲು ನಾಚಿಕೆಯಾಯಿತು. ಹೇಳದೆ ಉಳಿದದ್ದಕ್ಕೆ ಅವಳ ಫೋನ್ ಎತ್ತುವುದೂ ಕಷ್ಟವಾಯಿತು. ಅಲ್ಲಿ ಸಂಜೆ ಎಂದರೆ ಇಲ್ಲಿ ಬೆಳಗಿನ ಜಾವ, ಆ ನೆಪವೂ ಸಿಕ್ಕಿತು. ಒಂದು ದಿನ ಅವಳು, ‘ಏನೇ, ನನ್ನ ಮದುವೆ ನಿಂಗೆ ಅಷ್ಟು ಭಾರ ಆಗೋಯ್ತಾ?’ ಎಂದಳು. ನಾನೂ ರೇಗಿದೆ. ಮೂರು ವಾರ ಮಾತಿರಲಿಲ್ಲ.

ಆಮೇಲೆ ಫೋನ್ ಮಾಡಿದವಳು ಅವಳೇ. ‘ಮದುವೆ ವಿಷಯ ಆಮೇಲೆ. ನಿಂಗೇನಾಗಿದೆ ಹೇಳು’ ಎಂದಳು. ಹೇಳಿದೆ. ಅರ್ಧ ಗಂಟೆಯಲ್ಲಿ ಎಲ್ಲ ಬಗೆಹರಿಯಿತು. ಶವರ್ ಮತ್ತು ಪಾರ್ಟಿಯನ್ನು ಅವಳ ಸಹೋದ್ಯೋಗಿ ವಹಿಸಿಕೊಂಡಳು. ನನಗೆ ಉಳಿದದ್ದು ಎರಡೇ ಕೆಲಸ: ಭಾಷಣ ಬರೆದು ವೀಡಿಯೊದಲ್ಲಿ ಓದುವುದು, ಪ್ರತಿ ಭಾನುವಾರ ಒಂದು ಗಂಟೆ ಅವಳ ಮಾತು ಕೇಳುವುದು. ಎರಡನ್ನೂ ತಪ್ಪಿಸಲಿಲ್ಲ.

ಹಾಗಾದರೆ ಏನು ಮಾಡಬಹುದು?

ಅತೃಪ್ತಿಯಾದಾಗ ಜನ ನಾಲ್ಕು ದಾರಿ ಹಿಡಿಯುತ್ತಾರೆ ಎಂದು ಮನಶ್ಶಾಸ್ತ್ರಜ್ಞೆ ಕ್ಯಾರಿಲ್ ರಸ್ಬಲ್ಟ್ 1980ರ ದಶಕದಲ್ಲಿ ಗುರುತಿಸಿದರು: ಬಿಟ್ಟುಹೋಗುವುದು, ಬಾಯಿಬಿಟ್ಟು ಹೇಳುವುದು, ಸರಿಹೋದೀತು ಎಂದು ಕಾಯುವುದು, ಮುಖ ತಿರುಗಿಸಿ ನಿರ್ಲಕ್ಷಿಸುವುದು. ಅವರು ನೋಡಿದ್ದು ಪ್ರೇಮ ಸಂಬಂಧಗಳನ್ನು. ಸ್ನೇಹಕ್ಕೂ ಈ ವಿಂಗಡಣೆ ಹೊಂದುತ್ತದೆ. ಮದುಮಗಳು ಸಾಮಾನ್ಯವಾಗಿ ಕಾಯುತ್ತಾಳೆ, ನಂತರ ಮುಖ ತಿರುಗಿಸುತ್ತಾಳೆ. ಮದುವೆಗೆ ದಿನ ನಿಗದಿಯಾಗಿರುವುದರಿಂದ ಕಾದಷ್ಟೂ ಕೋಪವೇ ಬೆಳೆಯುತ್ತದೆ. ಹೇಳುವುದೇ ಒಳ್ಳೆಯ ದಾರಿ. ಹೇಳುವ ಕ್ರಮ ಹೀಗಿರಲಿ:

1. ಮೊದಲು ಅವಳ ಬಗ್ಗೆ ಕೇಳಿ. ಗುಂಪಿನಲ್ಲಿ ಬೇಡ, ಸಂದೇಶದಲ್ಲೂ ಬೇಡ. ಎದುರಿಗೆ ಅಥವಾ ಫೋನಿನಲ್ಲಿ ಮಾತಾಡಿ. ಅವಳು ನಿಮ್ಮ ಮದುವೆಯಿಂದ ಮಾತ್ರವಲ್ಲ, ವಾರಗಟ್ಟಲೆ ಎಲ್ಲದರಿಂದಲೂ ದೂರವಾಗಿದ್ದರೆ, ನಿದ್ದೆ ಊಟ ಕೆಟ್ಟಿದ್ದರೆ ಅದು ಖಿನ್ನತೆ ಇರಬಹುದು. ಆಗ ಬೇಕಾದದ್ದು ವೈದ್ಯರ ನೆರವು.

2. ಅವಳ ಗುಣದ ಬಗ್ಗೆ ತೀರ್ಪು ಬೇಡ, ನಿಮಗೆ ಅನ್ನಿಸಿದ್ದನ್ನು ಹೇಳಿ. ‘ನಿನಗೆ ಜವಾಬ್ದಾರಿಯೇ ಇಲ್ಲ’ ಎಂದರೆ ಅವಳು ವಾದಕ್ಕಿಳಿಯುತ್ತಾಳೆ. ‘ಉಡುಪು ನೋಡುವ ದಿನ ನೀನಿಲ್ಲದೆ ಒಂಟಿ ಅನ್ನಿಸಿತು’ ಎಂದರೆ ವಾದಿಸಲು ಏನೂ ಇರುವುದಿಲ್ಲ.

3. ಸ್ಪಷ್ಟವಾಗಿ ಕೇಳಿ. ‘ಸ್ವಲ್ಪ ಸಹಾಯ ಮಾಡೇ’ ಎಂಬುದು ಎಲ್ಲಿಗೂ ಮುಟ್ಟದ ಮಾತು. ‘ಶನಿವಾರ ಬೆಳಿಗ್ಗೆ ಕಾಫಿ ಆದ ಮೇಲೆ ನಾಲ್ಕು ಜನರಿಗೆ ಫೋನ್ ಮಾಡಿ ಅಳತೆ ಕೇಳ್ತೀಯಾ?’ ಎಂಬುದು ಆಗುವ ಕೆಲಸ. ಯಾವಾಗ, ಎಲ್ಲಿ, ಹೇಗೆ ಎಂದು ಮೊದಲೇ ನಿಗದಿಯಾದ ಕೆಲಸ ಮುಗಿಯುವ ಸಾಧ್ಯತೆ ಹೆಚ್ಚು ಎಂಬುದನ್ನು ಪೀಟರ್ ಗಾಲ್ವಿಟ್ಜರ್ ಅವರ ಸಂಶೋಧನೆಗಳು ತೋರಿಸಿವೆ.

4. ಇಲ್ಲ ಎನ್ನಲು ದಾರಿ ಬಿಡಿ. ‘ಇದರಲ್ಲಿ ನಿನ್ನಿಂದ ಏನಾಗುತ್ತೆ, ಏನಾಗಲ್ಲ ಹೇಳು, ಬೇಜಾರಿಲ್ಲ’ ಎನ್ನಿ. ಎದುರಿಗೆ ಇಲ್ಲ ಎನ್ನುವುದು ಎಷ್ಟು ಕಷ್ಟ ಎಂದು ಆಗಲೇ ನೋಡಿದೆವು. ಆ ಭಾರವನ್ನು ಕೇಳುವವರೇ ಇಳಿಸಬೇಕು.

5. ಸ್ಥಾನ ಬೇರೆ, ಕೆಲಸ ಬೇರೆ. ಕೆಲಸವನ್ನು ತಂಗಿಗೋ ಸಹೋದ್ಯೋಗಿಗೋ ಹಂಚಿ, ಗೆಳತಿಯನ್ನು ಪಕ್ಕದಲ್ಲೇ ಉಳಿಸಿಕೊಳ್ಳಬಹುದು. ಇಬ್ಬರು ಮೇಡ್ ಆಫ್ ಆನರ್ ಇದ್ದರೂ ತಪ್ಪಿಲ್ಲ. ಆ ಸ್ಥಾನ ಕಿತ್ತುಕೊಳ್ಳುವುದು ಕೊನೆಯ ಮಾತಾಗಿರಲಿ. ನಾಲ್ಕು ಜನರೆದುರು ಆಗುವ ಆ ಅವಮಾನ ಮದುವೆ ಮುಗಿದ ಮೇಲೂ ಉಳಿಯುತ್ತದೆ. ಅವಳಾಗಿಯೇ ‘ನನ್ನಿಂದಾಗದು’ ಎಂದರೆ ಗೌರವದಿಂದ ಬಿಟ್ಟುಕೊಡಿ.

ಇಷ್ಟೆಲ್ಲ ಮಾಡಿದ ಮೇಲೂ ಅವಳು ಹೀಯಾಳಿಸುತ್ತಿದ್ದರೆ, ಕೊಟ್ಟ ಮಾತನ್ನು ಮತ್ತೆ ಮತ್ತೆ ಮುರಿಯುತ್ತಿದ್ದರೆ ಅದು ಬೇರೆ ವಿಷಯ. ಎಲ್ಲ ಸ್ನೇಹವೂ ಉಳಿಯಲೇಬೇಕೆಂದಿಲ್ಲ. ಆದರೆ ಆ ತೀರ್ಮಾನವನ್ನು ಮದುವೆಯ ಗಡಿಬಿಡಿಯಲ್ಲಿ ಮಾಡಬೇಡಿ, ಒಂದೆರಡು ತಿಂಗಳು ಕಳೆಯಲಿ.

ಲೆಕ್ಕ ಇಡುವ ಸಂಬಂಧ, ಇಡದ ಸಂಬಂಧ

1979ರಲ್ಲಿ ಮಾರ್ಗರೆಟ್ ಕ್ಲಾರ್ಕ್ ಮತ್ತು ಜಡ್ಸನ್ ಮಿಲ್ಸ್ ಸಂಬಂಧಗಳನ್ನು ಎರಡಾಗಿ ವಿಂಗಡಿಸಿದರು. ಒಂದರಲ್ಲಿ ಕೊಟ್ಟದ್ದಕ್ಕೆ ತಕ್ಕ ವಾಪಸಾತಿ ಇರಬೇಕು, ಅಂಗಡಿಯ ವ್ಯವಹಾರದಂತೆ. ಇನ್ನೊಂದರಲ್ಲಿ ಯಾರಿಗೆ ಅಗತ್ಯವಿದೆಯೋ ಅವರಿಗೆ ಕೊಡುವುದು, ಲೆಕ್ಕವಿಲ್ಲ. ಆಪ್ತ ಸ್ನೇಹ ಎರಡನೆಯ ಬಗೆಯದ್ದು. ಮದುವೆಯ ತಯಾರಿ ಪಟ್ಟಿ, ಖರ್ಚು, ಗಡುವುಗಳನ್ನು ತಂದು ಅದನ್ನು ಮೆಲ್ಲಗೆ ಮೊದಲನೆಯದಾಗಿ ಬದಲಿಸಿಬಿಡುತ್ತದೆ. ‘ಅವಳ ಮದುವೆಗೆ ನಾನು ಇಷ್ಟು ಮಾಡಿದ್ದೆ’ ಎಂಬ ಮಾತು ಬಾಯಿಗೆ ಬಂದಾಗ ಆ ಬದಲಾವಣೆ ಆಗಿದೆ ಎಂದೇ ತಿಳಿಯಿರಿ.

ಕಳೆದುಕೊಳ್ಳುವುದು ಸಣ್ಣದೇನಲ್ಲ. ಇಬ್ಬರು ಆಪ್ತ ಸ್ನೇಹಿತರಾಗಲು 200 ಗಂಟೆಗೂ ಹೆಚ್ಚು ಒಡನಾಟ ಬೇಕು ಎಂಬುದು ಕ್ಯಾನ್ಸಸ್ ವಿಶ್ವವಿದ್ಯಾಲಯದ ಸಂವಹನ ಸಂಶೋಧಕ ಜೆಫ್ರಿ ಹಾಲ್ 2018ರಲ್ಲಿ ಪ್ರಕಟಿಸಿದ ಅಂದಾಜು. ಬೆಳೆದು ದೊಡ್ಡವರಾಗಿ, ಕೆಲಸ ಸಂಸಾರ ಎಂದು ಓಡುವಾಗ ಅಷ್ಟು ಗಂಟೆಗಳನ್ನು ಮತ್ತೊಬ್ಬರ ಜೊತೆ ಮೊದಲಿನಿಂದ ಕೂಡಿಸುವುದು ಸುಲಭವಲ್ಲ.

ನ್ಯೂಜೆರ್ಸಿಯ ಮದುವೆಗೆ ನಾನು ಹೋಗಲಾಗಲಿಲ್ಲ. ಮೈಸೂರಿನ ಧಾರೆಯ ದಿನ, ಅವಳಿಗೆ ತಂಗಿ ಇಲ್ಲವಾದ್ದರಿಂದ, ಕಳಸ ಹಿಡಿದು ನಿಂತವಳು ನಾನು. ಆ ಮೂರು ವಾರಗಳ ಮಾತು ಈಗಲೂ ಆಗಾಗ ಬರುತ್ತದೆ, ಅವಳಿಗೆ ಪೂರ್ತಿ ಮರೆತಿಲ್ಲ. ಆದರೂ ಭಾನುವಾರದ ಫೋನ್ ನಿಂತಿಲ್ಲ.